ಆಕಾಶದ ಪಾಲುಪಟ್ಟಿ

ಕೋಟೇಶ್ವರದ ನಮ್ಮ ಮನೆಯ ಮಾಡಿನ ಮೇಲೆ ಬಹುಕಾಲ ಒಂದು ಆಂಟೆನಾ ನಿಂತಿತ್ತು. ಉದ್ದನೆಯ ಕೊಳವೆಯ ತುದಿಗೆ ಕಟ್ಟಿದ ಅದರ ಕಡ್ಡಿಗಳು ದೂರದ ಪ್ರೇಷಕವೊಂದರ ಕ್ಷೀಣ ಸಂಕೇತವನ್ನು ಹೇಗೋ ಹಿಡಿದು ತರುತ್ತಿದ್ದವು. ೧೯೮೯ರ ಬೇಸಗೆಯ ಒಂದು ಭಾನುವಾರ, ನೆರೆಹೊರೆಯವರೆಲ್ಲ ಜಗಲಿಯಲ್ಲಿ ಕುಳಿತು 'ಮಹಾಭಾರತ' ನೋಡುತ್ತಿದ್ದಾಗ, ಕಪ್ಪು ಅಡ್ಡಪಟ್ಟಿಗಳು ಸಾಲುಸಾಲಾಗಿ ಚಿತ್ರದ ಮೇಲೆ ಹರಿದುಬಂದವು. ನಾನು ಮಾಡು ಹತ್ತಿ ಆಂಟೆನಾ ತಿರುಗಿಸಿ ಸೋತೆ. "ಕಡ್ಲ ತೆರಿ ಟೀವಿ ಒಳ್ಗೂ ಬಂತಾ ಮಾಣಿ?" ಎಂದರು ಅಜ್ಜಿ. ಎಲ್ಲರೂ ನಕ್ಕರು. ಆ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಂದಿನ ಅನಲಾಗ್ ಟೆಲಿವಿಷನ್ನಿನ ಒಂದು ಚಾನೆಲ್ಲಿಗೆ ೭ ಮೆಗಾಹರ್ಟ್ಸ್ ಅಗಲದ ಜಾಗ ಬೇಕಾಗುತ್ತಿತ್ತು. ೪೭ರಿಂದ ೬೮ ಮೆಗಾಹರ್ಟ್ಸಿನೊಳಗೆ ೩, ೧೭೪ರಿಂದ ೨೩೦ರೊಳಗೆ ೮. ವಿಎಚ್‌ಎಫ್ ಪಟ್ಟಿಯಲ್ಲಿ ಒಟ್ಟು ದೊರೆಯುತ್ತಿದ್ದುದು ೧೧ ಚಾನೆಲ್ಲುಗಳು. ನಾಡೋ ವಿಶಾಲವಾದುದು. ೧೯೫೯ರಲ್ಲಿ ದೆಹಲಿಯಲ್ಲಿ ಮೊದಲಾದ ಟೆಲಿವಿಷನ್ ೧೯೮೧ರ ನವೆಂಬರ್ ೧ರಂದು ಬೆಂಗಳೂರಿಗೆ ಬಂದಿತು. ೧೯೮೩ರಲ್ಲಿ ಇನ್ಸಾಟ್-೧ಬಿ ಉಪಗ್ರಹ ಕಕ್ಷೆ ಸೇರಿದ ಮೇಲೆ ಸಣ್ಣ ಊರುಗಳಲ್ಲೂ ೧೦೦ ವಾಟ್‌ನ ಪ್ರೇಷಕಗಳು ಎದ್ದವು. ಒಂದೇ ಚಾನೆಲ್ಲನ್ನು ಹಲವು ಊರುಗಳಿಗೆ ಹಂಚದೆ ಗತ್ಯಂತರವಿರಲಿಲ್ಲ.

ಯಕ್ಷಗಾನದ ಜೋಡಾಟದಲ್ಲಿ ಎರಡು ರಂಗಸ್ಥಳಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಪೈಪೋಟಿಯೇ ಅಲ್ಲಿಯ ಸೊಗಸು. ಟೆಲಿವಿಷನ್ನಿಗೆ ಆ ಸೌಭಾಗ್ಯವಿಲ್ಲ. ಅದೇ ಚಾನೆಲ್ಲಿನ ಪರಸ್ಥಳದ ಸಂಕೇತ ನಮ್ಮದರ ಶಕ್ತಿಯ ಸುಮಾರು ಮೂವತ್ತು ಸಾವಿರದಲ್ಲೊಂದು ಪಾಲಿಗೆ ಇಳಿದರಷ್ಟೇ ಚಿತ್ರ ನಿರ್ಮಲ. ಆದ್ದರಿಂದ ಯೋಜಕರು ಭೂಪಟದ ಮೇಲೆ ತ್ರಿಕೋನಗಳನ್ನು ಎಳೆದು, ಒಂದೇ ಚಾನೆಲ್ಲಿನ ಪ್ರೇಷಕಗಳನ್ನು ದೂರದೂರದ ಮೂಲೆಗಳಲ್ಲಿ ಇರಿಸುತ್ತಿದ್ದರು.

ಇದರಲ್ಲಿ ಒಂದು ಜಾಣ್ಮೆಯೂ ಉಂಟು. ನಮ್ಮ ಪದ್ಧತಿಯ ಚಿತ್ರದಲ್ಲಿ ೬೨೫ ಗೆರೆಗಳು. ಸೆಕೆಂಡಿಗೆ ೨೫ ಚಿತ್ರಗಳು. ಎಂದರೆ ಸೆಕೆಂಡಿಗೆ ೧೫,೬೨೫ ಗೆರೆಗಳು. ಇದರ ಮೂರರಲ್ಲಿ ಎರಡು ಪಾಲು, ಸುಮಾರು ೧೦.೪ ಕಿಲೋಹರ್ಟ್ಸ್. ತ್ರಿಕೋನದ ಒಂದು ಮೂಲೆಯ ಪ್ರೇಷಕದ ಕಂಪನಾಂಕವನ್ನು ಇದ್ದಂತೆಯೇ ಬಿಟ್ಟು, ಎರಡನೆಯದನ್ನು ಇಷ್ಟು ಮೇಲಕ್ಕೆ, ಮೂರನೆಯದನ್ನು ಇಷ್ಟೇ ಕೆಳಕ್ಕೆ ಸರಿಸಿದರೆ, ಒಂದು ಗೆರೆಯ ಕಪ್ಪು ಮುಂದಿನ ಗೆರೆಯ ಕಪ್ಪಿನೊಡನೆ ಕೂಡಿ ದಪ್ಪ ಪಟ್ಟಿಯಾಗುವುದಿಲ್ಲ. ನವುರಾದ ಎಳೆಗಳಾಗಿ ಕಣ್ಣಿಗೆ ಮಸಕಾಗುತ್ತದೆ. ಮೂವತ್ತು ಸಾವಿರದಲ್ಲೊಂದು ಇರಬೇಕಾದೆಡೆ ಆಗ ಸಾವಿರದಲ್ಲೊಂದು ಸಾಕು. ಪ್ರೇಷಕಗಳು ಅಷ್ಟು ಹತ್ತಿರ ಬರಬಹುದು, ಅಷ್ಟು ಹೆಚ್ಚು ಊರುಗಳಿಗೆ ಚಿತ್ರ ಸಿಗಬಹುದು.

ಹಾಗಾದರೆ ಆ ಭಾನುವಾರ ಆದದ್ದೇನು? ೧೦೦ ಮೀಟರ್ ಎತ್ತರದ ಗೋಪುರದ ರೇಡಿಯೋ ದಿಗಂತ ಸುಮಾರು ೪೧ ಕಿಲೋಮೀಟರು. ಅದರಾಚೆಗೆ ಸಂಕೇತ ಬೇಗ ಬತ್ತುತ್ತದೆ. ಆದರೆ ಮಳೆಗಾಲಕ್ಕೆ ಮುನ್ನ, ಕಡಲಿನ ಮೇಲಣ ತೇವದ ತಂಪುಗಾಳಿಯ ಮೇಲೆ ನೆಲದ ಒಣ ಬಿಸಿಗಾಳಿ ಹೊದಿಕೆಯಂತೆ ಹಾಸಿಕೊಳ್ಳುವುದುಂಟು. ಅವೆರಡರ ನಡುವೆ ಸಿಕ್ಕಿದ ತರಂಗ ಮೇಲೇರಲಾರದೆ, ಕಡಲಿನ ಬಾಗನ್ನೇ ಅನುಸರಿಸಿ ನೂರಾರು ಕಿಲೋಮೀಟರು ಸಾಗಿ ಬರುತ್ತದೆ. ಅಂದು ಎಲ್ಲಿಯದೋ ಪ್ರೇಷಕವೊಂದು ನಮ್ಮ ಜಗಲಿಗೆ ಬಂದದ್ದು ಹೀಗೆಯೇ ಇರಬೇಕು. ತೆರೆ ನಿಜವಾಗಿಯೂ ಕಡಲಿನಿಂದಲೇ ಬಂದಿತ್ತು.

ಇದು ಯೋಜಕರ ಲೆಕ್ಕ ತಪ್ಪಿದ್ದಲ್ಲ. ವರ್ಷದ ಒಂದು ಸಣ್ಣ ಪಾಲಿನಷ್ಟು ಕಾಲ ಅಂಚಿನ ಊರುಗಳಿಗೆ ಇಂಥ ಉಪದ್ರವ ತಟ್ಟುವುದೆಂದು ತಿಳಿದೇ ಅವರು ಪಟ್ಟಿ ಬರೆಯುತ್ತಿದ್ದರು. ನಮ್ಮ ಚಿತ್ರ ಸದಾ ನಿಚ್ಚಳವಾಗಿರಲೆಂದು ಪ್ರೇಷಕದ ಶಕ್ತಿ ಹೆಚ್ಚಿಸಿದ್ದರೆ, ಇನ್ನೊಂದು ಊರಿನ ಜಗಲಿಯಲ್ಲಿ ಪಟ್ಟಿಗಳು ಹರಿಯುತ್ತಿದ್ದವು.

೨೦೨೨ರ ಹೊತ್ತಿಗೆ ದೂರದರ್ಶನದ ಅನಲಾಗ್ ಪ್ರೇಷಕಗಳಲ್ಲಿ ಬಹುಪಾಲು ಮೌನವಾದವು. ನಮ್ಮ ಮಾಡಿನ ಕೊಳವೆಯನ್ನೂ ಇಳಿಸಿಯಾಯಿತು. ಅಂದು ಹಾಳಾಯಿತೆಂದು ನಾನು ಹಳಹಳಿಸಿದ ಆ ಅರ್ಧ ಗಂಟೆ, ಕಾಣದ ಊರೊಂದರ ಜನ ನೆಮ್ಮದಿಯಿಂದ ಚಿತ್ರ ನೋಡಲೆಂದು ನಾವು ತೆತ್ತ ಪಾಲೆಂದು ಈಗ ಅನಿಸುತ್ತದೆ. ಅದನ್ನು ಅಜ್ಜಿಗೆ ಹೇಳೋಣವೆಂದರೆ ಅವರಿಲ್ಲ.