ಹೈಡ್ರೋಜನ್ ಕಾರು: ಅಡ್ಡಿ ನೀರಲ್ಲ, ವಿದ್ಯುತ್ತು

ಪೆಟ್ರೋಲಿಗೆ ಪರ್ಯಾಯವೆಂದು ಹೈಡ್ರೋಜನ್ ಹೆಸರು ಆಗಾಗ ಕೇಳಿಬರುತ್ತಿದೆ. ನೀರನ್ನು ವಿಭಜಿಸಿದರೆ ದೊರೆಯುವ ಈ ಇಂಧನ ಬಳಸಿದ ಕಾರಿನಿಂದ ಹೊರಬರುವುದೂ ನೀರೇ. ಹಾಗಾದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರಸ್ತೆಗಳಲ್ಲಿ ಇಂಥ ಕಾರು ಓಡಿಸುವುದು ಕಾರ್ಯಸಾಧ್ಯವೇ?

ಬರಕ್ಕೆ ತುತ್ತಾಗುವ ವಿಜಯಪುರ ಜಿಲ್ಲೆಯಲ್ಲಿ ಮೊದಲು ಏಳುವ ಶಂಕೆ ನೀರಿನದು. ಆದರೆ ಒಂದು ಕಿಲೋ ಹೈಡ್ರೋಜನ್ ಉತ್ಪಾದನೆಯಲ್ಲಿ ವಿಭಜನೆಯಾಗುವುದು ಕೇವಲ 9 ಲೀಟರ್ ನೀರು. ಶುದ್ಧೀಕರಣ ಮತ್ತು ಯಂತ್ರ ತಂಪಾಗಿಸಲು ಇನ್ನಷ್ಟು ಬೇಕು. ಅಷ್ಟರಲ್ಲಿ ಕಾರು ಸುಮಾರು 100 ಕಿ.ಮೀ. ಕ್ರಮಿಸುತ್ತದೆ. ಕಬ್ಬಿನ ಗದ್ದೆ ಬೇಡುವ ನೀರಿನ ಮುಂದೆ ಇದು ಅತ್ಯಲ್ಪ.

ನಿಜವಾದ ಅಡ್ಡಿ ವಿದ್ಯುತ್ತು. ಒಂದು ಕಿಲೋ ಹೈಡ್ರೋಜನ್‌ಗೆ 50ರಿಂದ 55 ಯೂನಿಟ್ ವ್ಯಯವಾಗುತ್ತದೆ. ಅನಂತರ ಅನಿಲವನ್ನು ವಾತಾವರಣದ ಸುಮಾರು 700 ಪಟ್ಟು ಒತ್ತಡದಲ್ಲಿ ತುಂಬಬೇಕು. ಕಾರಿನ ಇಂಧನ ಕೋಶ ಅದನ್ನು ಮರಳಿ ವಿದ್ಯುತ್ತಾಗಿಸಬೇಕು. ಪ್ರತಿ ಹಂತದಲ್ಲೂ ಶಕ್ತಿ ನಷ್ಟವಾಗುತ್ತದೆ. ಅಷ್ಟೇ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿದರೆ ಕಾರು ಸುಮಾರು 300 ಕಿ.ಮೀ. ಓಡಬಲ್ಲದು.

ವಿದ್ಯುತ್ತಿನ ಮೂಲವೂ ಮುಖ್ಯ. ಬಸವನ ಬಾಗೇವಾಡಿ ಸಮೀಪದ ಕೂಡಗಿಯಲ್ಲಿರುವ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸ್ಥಾವರ ಕಲ್ಲಿದ್ದಲಿನದು. ಕಲ್ಲಿದ್ದಲಿನ ಪ್ರತಿ ಯೂನಿಟ್‌ಗೆ ಒಂದು ಕಿಲೋದಷ್ಟು ಇಂಗಾಲದ ಡೈ ಆಕ್ಸೈಡ್ ಹೊಮ್ಮುತ್ತದೆ. ಅಂಥ ವಿದ್ಯುತ್ತಿನಿಂದ ಹೈಡ್ರೋಜನ್ ತಯಾರಿಸಿದರೆ 100 ಕಿ.ಮೀ.ಗೆ ಸುಮಾರು 50 ಕಿಲೋ ಮಾಲಿನ್ಯ. ಸಾಧಾರಣ ಪೆಟ್ರೋಲ್ ಕಾರಿನದು ಸುಮಾರು 15 ಕಿಲೋ ಮಾತ್ರ. ಆದ್ದರಿಂದ ಗಾಳಿ, ಬಿಸಿಲಿನ ವಿದ್ಯುತ್ತಿದ್ದರಷ್ಟೇ ಈ ಇಂಧನ ‘ಹಸಿರು’.

ಇನ್ನೊಂದು ಮಾರ್ಗವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಒಂದು ಕಿಲೋ ಜೈವಿಕ ವಸ್ತುವಿನಿಂದ ಸುಮಾರು 100 ಗ್ರಾಂ ಹೈಡ್ರೋಜನ್ ಪಡೆಯುವ ವಿಧಾನ ರೂಪಿಸಿದ್ದಾರೆ. ತೊಗರಿ ಕಟ್ಟಿಗೆ, ಕಬ್ಬಿನ ರವದಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಆದರೆ ಅವನ್ನು ಹೊಲಗಳಿಂದ ಸಂಗ್ರಹಿಸಿ ಸಾಗಿಸುವುದು ಸುಲಭವಲ್ಲ, ಅನಿಲ ತುಂಬುವ ಕೇಂದ್ರಗಳ ಸಮಸ್ಯೆಯೂ ಉಳಿಯುತ್ತದೆ.

2022ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಟೊಯೊಟಾದ ‘ಮಿರಾಯ್’ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದು ಗಮನ ಸೆಳೆದಿದ್ದರು. ಆದರೆ ಇಂಥ ಕಾರುಗಳಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲೇ ಶೆಲ್ ಕಂಪನಿ 2024ರಲ್ಲಿ ತನ್ನ ಕಾರು ಕೇಂದ್ರಗಳನ್ನು ಮುಚ್ಚಿತು.

2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಹೈಡ್ರೋಜನ್ ಅಭಿಯಾನದಲ್ಲಿ ರಸಗೊಬ್ಬರ, ತೈಲ ಸಂಸ್ಕರಣೆ, ಉಕ್ಕು ಉದ್ಯಮಗಳಿಗೆ ಪ್ರಮುಖ ಸ್ಥಾನವಿದೆ. ಬ್ಯಾಟರಿ ನೆರವಾಗದ ಇಂಥ ಕಡೆಗಳಲ್ಲೇ ಹೈಡ್ರೋಜನ್‌ಗೆ ಅರ್ಥವಿದೆ. ಇಂಡಿಯಿಂದ ವಿಜಯಪುರಕ್ಕೆ ಹೋಗಿಬರುವ ಕಾರಿಗೆ ಮನೆಯ ವಿದ್ಯುತ್ ಸಂಪರ್ಕವೇ ಸಾಕು.