ಟಿಬಿ ಮಾತ್ರೆ ಅರ್ಧಕ್ಕೆ ಬಿಡೋದು ಬರೀ ನಿರ್ಲಕ್ಷ್ಯಾನಾ? ಪಿಎಚ್‌ಡಿ ಮಾಡ್ತಿರೋ ನಮ್ಮ ಬೀದಿ ಅಕ್ಕ ತೋರಿಸಿದ ಲೆಕ್ಕ

ತಿಪಟೂರು: ಹೋದ ವರ್ಷ ಮಾರ್ಚ್ 24ರ ವಿಶ್ವ ಕ್ಷಯರೋಗ ದಿನಕ್ಕೆ ಇಲ್ಲೇ ನಾನೊಂದು ಸುದ್ದಿ ಬರೆದಿದ್ದೆ. ‘ರೋಗಿಗಳ ನಿರ್ಲಕ್ಷ್ಯವೇ ಟಿಬಿ ಹರಡಲು ಕಾರಣ’ ಅಂತ ಹೆಡ್‌ಲೈನು. ಜಾಥಾದಲ್ಲಿ ಮೈಕ್ ಹಿಡಿದವರು ಹೇಳಿದ್ದನ್ನ ಹಾಗ್ಹಾಗೇ ಬರೆದು ಕಳಿಸಿದ್ದೆ, ಒಬ್ಬ ರೋಗಿಯನ್ನೂ ಮಾತಾಡಿಸಿರಲಿಲ್ಲ. ಎರಡು ದಿನ ಆದ್ಮೇಲೆ ಕೊಬ್ಬರಿ ಮಂಡಿಯ ಹಮಾಲಿ ಅಣ್ಣ ಒಬ್ಬರು ಟೀ ಅಂಗಡಿ ಹತ್ರ ತಡೆದು ನಿಲ್ಲಿಸಿದರು. “ಬೆಳಗ್ಗೆ ಆ ಗುಳಿಗೆ ನುಂಗಿದ್ರೆ ಮಧ್ಯಾಹ್ನದ ತನಕ ಹೊಟ್ಟೆ ತೊಳಸುತ್ತೆ. ಮೂಟೆ ಯಾರು ಹೊರ್ತಾರೆ, ನೀನು ಬಂದು ಹೊರ್ತೀಯಾ?” ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಈಚೆಗೆ, ಅದೂ ನಮ್ಮ ಬೀದಿಯ ಒಂದು ದಿನಸಿ ಅಂಗಡಿಯಲ್ಲಿ. ಅಂಗಡಿಯವರ ಮಗಳು ಬೆಂಗಳೂರಲ್ಲಿ ಪಿಎಚ್‌ಡಿ ಮಾಡ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದವರು ಗಲ್ಲಾಪೆಟ್ಟಿಗೆ ಪಕ್ಕ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದರು. “ಬೇರೆಯವರು ಬರೆದಿದ್ದನ್ನ ಓದೋಕೆ ಇವಳಿಗೆ ವರ್ಷಗಟ್ಟಲೆ ಬೇಕಂತೆ” ಅಂತ ಅವರಪ್ಪ ಗಿರಾಕಿಗಳ ಮುಂದೆ ಆಡಿಕೊಳ್ತಿದ್ದರು. ಬಿ.ಎ. ಅರ್ಧಕ್ಕೆ ಬಿಟ್ಟ ನನಗೂ ಅದೇ ಡೌಟು. ಕೇಳೇಬಿಟ್ಟೆ.

ಅಕ್ಕ ಮಾಡ್ತಿರೋ ಕೆಲಸಕ್ಕೆ ಗುಣಾತ್ಮಕ ಸಂಶೋಧನೆಗಳ ವ್ಯವಸ್ಥಿತ ವಿಮರ್ಶೆ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ. ಸಂಶೋಧನೆಯಲ್ಲಿ ಒಂದು ಜಾತಿ ಎಣಿಸೋದು: ನೂರರಲ್ಲಿ ಎಷ್ಟು ಜನ ಮಾತ್ರೆ ಬಿಟ್ಟರು ಅಂತ. ಇನ್ನೊಂದು ಜಾತಿ ಕೂತು ಕೇಳೋದು: ಯಾಕೆ ಬಿಟ್ಟಿರಿ, ಆವತ್ತು ಏನಾಯ್ತು, ಮನೇಲಿ ಏನಂದ್ರು ಅಂತ. ಈ ಎರಡನೇದೇ ಗುಣಾತ್ಮಕ. ಇಂಥ ಅಧ್ಯಯನ ಒಂದೊಂದೂ ಚಿಕ್ಕದು, ಒಂದು ಊರಿನ ಇಪ್ಪತ್ತು ಮೂವತ್ತು ಜನರದ್ದು. ಒಂದನ್ನೇ ಹಿಡ್ಕೊಂಡು ಸರ್ಕಾರ ಯೋಜನೆ ಮಾಡೋಕಾಗಲ್ಲ. ಹಾಗಾಗಿ ಸಿಕ್ಕಷ್ಟನ್ನೂ ಹುಡುಕಿ, ಸೋಸಿ, ಒಟ್ಟಿಗೆ ಓದಿ ಏನು ಹೇಳ್ತವೆ ಅಂತ ನೋಡಬೇಕು.

ಇದನ್ನ ಕಲಿಯೋಕೆ ಗೈಡ್ ಅವರಿಗೆ ಮೊದಲು ಕೊಟ್ಟ ಕೆಲಸ ಅಂದ್ರೆ, ಆಗಲೇ ಮುಗಿದಿರೋ ಒಂದು ಒಳ್ಳೇ ವಿಮರ್ಶೆ ತಗೊಂಡು ಅದರ ಹೆಜ್ಜೆ ಹಿಡಿದು ನಡೆಯೋದು. ಅಕ್ಕ ಆರಿಸಿಕೊಂಡಿದ್ದು ದಕ್ಷಿಣ ಆಫ್ರಿಕಾದ ಸಲ್ಲಾ ಮನ್ರೊ ಮತ್ತು ಜೊತೆಗಾರರು 2007ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ವಿಷಯ ಟಿಬಿ ಮಾತ್ರೆ ಪೂರ್ತಿ ತಗೊಳ್ಳೋದು, ಬಿಡೋದು. ನನಗೆ ಹಮಾಲಿ ಅಣ್ಣ ನೆನಪಾಗಿದ್ದು ಇಲ್ಲೇ.

ಆ ತಂಡ 19 ಡೇಟಾಬೇಸ್ ಹುಡುಕಿತ್ತು, 1966ರಿಂದ 2005ರ ಫೆಬ್ರವರಿ ತನಕ. ಹುಡುಕೋ ಪದ ಆರಿಸೋದೇ ಅರ್ಧ ವಿದ್ಯೆ ಅಂತಾರೆ ಅಕ್ಕ. ಮಾತ್ರೆ ಸರಿಯಾಗಿ ತಗೊಳ್ಳೋದಕ್ಕೆ ಇಂಗ್ಲಿಷಲ್ಲಿ ಒಬ್ಬರು ‘ಅಡ್ಹಿಯರೆನ್ಸ್’ ಅಂದ್ರೆ ಇನ್ನೊಬ್ಬರು ‘ಕಂಪ್ಲಯನ್ಸ್’, ಮತ್ತೊಬ್ಬರು ‘ಕನ್ಕಾರ್ಡೆನ್ಸ್’ ಅಂತ ಬರೀತಾರೆ. ಒಂದು ಪದ ಬಿಟ್ಟರೆ ಅಷ್ಟು ಜನರ ಮಾತೇ ಬಿಟ್ಟಂಗೆ. “ಅಪ್ಪನ ಹತ್ರ ಒಬ್ಬರು ಬೆಂಕಿಪೊಟ್ಟಣ ಕೇಳ್ತಾರೆ, ಇನ್ನೊಬ್ಬರು ಕಡ್ಡಿಪೆಟ್ಟಿಗೆ ಕೇಳ್ತಾರೆ, ಕೊಡೋದು ಒಂದೇ ತಾನೇ? ಕಂಪ್ಯೂಟರ್‌ಗೆ ಅದು ಗೊತ್ತಾಗಲ್ಲ ಕಣೋ” ಅಂದರು.

ಹೀಗೆ ಬಲೆ ಬೀಸಿದಾಗ ಬಿದ್ದಿದ್ದು 7,814. ಎಲ್ಲಾ ನೋಡಿ, ಮೊದಲೇ ಬರೆದಿಟ್ಟ ನಿಯಮಕ್ಕೆ ಹೊಂದಿದ್ದು ಅಂತ ಉಳಿಸಿಕೊಂಡಿದ್ದು 44. ಮಂಡಿಯಲ್ಲಿ ಕೊಬ್ಬರಿ ಆರಿಸೋರು ಕೂಡ ಇಷ್ಟು ಬಿಸಾಕಲ್ಲ ಬಿಡಿ. ನಿಯಮ ಮೊದಲೇ ಬರೆದಿಡಬೇಕು ಅನ್ನೋದಕ್ಕೆ ಕಾರಣ ಇದೆ. ಓದ್ತಾ ಓದ್ತಾ ನಮಗೆ ಬೇಕಾದ್ದನ್ನ ಇಟ್ಕೊಂಡು ಬೇಡದ್ದನ್ನ ಬಿಡೋ ಚಪಲ ಎಲ್ಲರಿಗೂ ಬರುತ್ತೆ. ಈಗ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2011ರಲ್ಲಿ ಶುರು ಮಾಡಿದ ‘ಪ್ರಾಸ್ಪೆರೊ’ ಅನ್ನೋ ನೋಂದಣಿ ಇದೆ. ಏನು ಹುಡುಕ್ತೀವಿ, ಹೆಂಗೆ ಆರಿಸ್ತೀವಿ ಅಂತ ಅಲ್ಲಿ ಮುಂಚೆನೇ ದಾಖಲು ಮಾಡಬಹುದು. ಆಮೇಲೆ ಮಾತು ತಿರುಗಿಸಿದ್ರೆ ಯಾರು ಬೇಕಾದ್ರೂ ಹಿಡೀಬಹುದು. ಅಧ್ಯಯನದ ಗುಣಮಟ್ಟವನ್ನ ಒಬ್ಬರೇ ಅಳೆಯೋ ಹಂಗೂ ಇಲ್ಲ. ಮನ್ರೊ ತಂಡದಲ್ಲಿ ಇಬ್ಬರು ಬೇರೆ ಬೇರೆ ಕೂತು ಅಳೆದರು. ಪಿಎಚ್‌ಡಿ ಹುಡುಗರಿಗೆ ಇದೇ ದೊಡ್ಡ ತಲೆನೋವು, ಸಂಬಳ ಇಲ್ಲದೆ ಸಾವಿರಾರು ಸಾರಾಂಶ ಓದೋ ಎರಡನೇ ಜೊತೆಗಾರರನ್ನ ಎಲ್ಲಿಂದ ತರೋದು? ಅಕ್ಕ ಒಬ್ಬ ಗೆಳತಿ ಜೊತೆ ಒಪ್ಪಂದ ಮಾಡ್ಕೊಂಡಿದ್ದಾರೆ, ಇವರದ್ದು ಅವರು ನೋಡೋದು, ಅವರದ್ದು ಇವರು.

ಎಣಿಸೋಕೆ ಇದು ಓಟಲ್ಲ

ನಾನು ಜಾಣ ಅನ್ಕೊಂಡು ಹೇಳಿದೆ: “44 ಆಯ್ತಲ್ಲ ಅಕ್ಕ, ಎಷ್ಟರಲ್ಲಿ ಖರ್ಚು ಅಂತಿದೆ, ಎಷ್ಟರಲ್ಲಿ ವಾಂತಿ ಅಂತಿದೆ, ಎಣಿಸಿದ್ರೆ ಮುಗೀತು.” ಅಕ್ಕ ನಕ್ಕರು. “ನಾನೂ ಮೊದಲ ಆರು ತಿಂಗಳು ಅದನ್ನೇ ಮಾಡ್ದೆ. ಗೈಡ್ ಪೂರ್ತಿ ಹೊಡೆದು ಹಾಕಿದ್ರು. ಇದೇನು ಓಟಾ?”

ಈ ಕೆಲಸಕ್ಕೆ ಬಳಸೋ ಒಂದು ವಿಧಾನ ಮೆಟಾ-ಎಥ್ನಾಗ್ರಫಿ. 1988ರಲ್ಲಿ ಅಮೆರಿಕದ ನೊಬ್ಲಿಟ್ ಮತ್ತು ಹೇರ್ ಅನ್ನೋರು ಪುಸ್ತಕ ಬರೆದು ಕೊಟ್ಟಿದ್ದು. ಇದರಲ್ಲಿ ಮೂರು ಮಾತು ಬೇರೆ ಬೇರೆ ಇಡಬೇಕು. ರೋಗಿ ಹೇಳಿದ್ದು ಒಂದು, ಅದನ್ನ ಕೇಳಿದ ಸಂಶೋಧಕರು ಅರ್ಥ ಮಾಡ್ಕೊಂಡಿದ್ದು ಇನ್ನೊಂದು. ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಹೊಸದಾಗಿ ಕಾಣೋದು ಮೂರನೇದು. ಅಕ್ಕ ಒಂದು ಉದಾಹರಣೆ ಕೊಟ್ಟರು. ಒಂದು ಕಡೆ ರೋಗಿಗಳು ‘ಹುಷಾರಾಯ್ತು, ಅದಕ್ಕೆ ಬಿಟ್ಟೆ’ ಅಂತಾರೆ. ಇನ್ನೊಂದು ಕಡೆ ‘ಮಾತ್ರೆ ತಗೊಂಡ್ಮೇಲೆ ಜಾಸ್ತಿ ಆಯ್ತು, ಅದಕ್ಕೆ ಬಿಟ್ಟೆ’ ಅಂತಾರೆ. ಎಣಿಸೋರಿಗೆ ಇವು ಎರಡು ತದ್ವಿರುದ್ಧ ಕಾರಣ. ಒಟ್ಟಿಗೆ ಓದಿದ್ರೆ ಒಂದೇ ವಿಷಯ: ಡಾಕ್ಟರು ಕ್ಯಾಲೆಂಡರ್ ನೋಡಿ ಆರು ತಿಂಗಳು ಅಂತಾರೆ, ರೋಗಿ ತನ್ನ ಮೈ ನೋಡಿ ತೀರ್ಮಾನ ಮಾಡ್ತಾನೆ. ಇವರಿಬ್ಬರೂ ಕೂತು ಮಾತಾಡಿಲ್ಲ. ಇದು ಯಾವುದೋ ಒಂದು ಅಧ್ಯಯನದಲ್ಲಿ ಸಿಗೋದಲ್ಲ, ಪಕ್ಕಪಕ್ಕ ಇಟ್ಟಾಗಲೇ ಕಾಣೋದು.

ಮನ್ರೊ ತಂಡಕ್ಕೆ ಕೊನೆಗೆ ಸಿಕ್ಕಿದ್ದು ಎಂಟು ವಿಷಯ. ರೋಗಿಯ ಸ್ವಭಾವ ಅದರಲ್ಲಿ ಒಂದು ಮಾತ್ರ. ಉಳಿದಿದ್ದರಲ್ಲಿ ಚಿಕಿತ್ಸೆ ಕೊಡೋ ವ್ಯವಸ್ಥೆ ಹೆಂಗಿದೆ, ಖರ್ಚು ಎಷ್ಟು, ಅಡ್ಡಪರಿಣಾಮ ಏನು, ಮನೆಯವರು ಊರಿನವರು ಜೊತೆಗೆ ನಿಲ್ತಾರಾ ಅನ್ನೋದೆಲ್ಲ ಇದೆ. ಕೂಲಿ ಬಿಡೋದಾ ಮಾತ್ರೆ ಬಿಡೋದಾ ಅನ್ನೋ ಇಕ್ಕಟ್ಟೂ ಇದೆ. ಹಮಾಲಿ ಅಣ್ಣ ಟೀ ಅಂಗಡಿ ಮುಂದೆ ನಿಂತು ಹೇಳಿದ್ದು ಪರದೇಶದ ಪತ್ರಿಕೆಯಲ್ಲಿ ಅಚ್ಚಾಗಿ ಎಷ್ಟೋ ವರ್ಷ ಆಗಿತ್ತು.

ಹಾಗಂತ ಇದರಿಂದ ಎಲ್ಲಾ ಗೊತ್ತಾಗಲ್ಲ. ಇಂಥ ವಿಮರ್ಶೆ ಯಾಕೆ ಅಂತ ಹೇಳುತ್ತೆ, ಎಷ್ಟು ಜನ ಅಂತ ಹೇಳಲ್ಲ. ಅಲ್ದೆ ಆ ಹುಡುಕಾಟ 2005ಕ್ಕೆ ನಿಂತಿದೆ. ನಮ್ಮಲ್ಲಿ ಆವಾಗ ವಾರಕ್ಕೆ ಮೂರು ದಿನ ಮಾತ್ರೆ ಇತ್ತು, 2017ರಿಂದ ದಿನಾ ಕೊಡ್ತಾರೆ. 2018ರ ಏಪ್ರಿಲ್‌ನಿಂದ ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಬರೋಕೆ ಶುರುವಾಯ್ತು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಇವೆಲ್ಲ ಬಂದ ಮೇಲೆ ರೋಗಿಗಳು ಏನಂತಾರೆ? ಅಕ್ಕ ಹುಡುಕ್ತಿರೋದು ಅದನ್ನೇ. ಇಂಗ್ಲಿಷ್ ಡೇಟಾಬೇಸಿಗೆ ಸೇರದ ಕನ್ನಡ ಪ್ರಬಂಧಗಳು ಯಾರದ್ದಾದ್ರೂ ಲೈಬ್ರರಿ ಬೀರುವಿನಲ್ಲಿ ಇರಬಹುದು ಅಂತ ಅವರೇ ಹೋಗಿ ತಡಕಾಡ್ತಿದ್ದಾರೆ.

ನಮ್ಮ ಎಡಿಟರ್ ಹತ್ರ ಮಾತಾಡಿ ಹೋದ ವರ್ಷದ ಆ ಸುದ್ದಿಯ ಹೆಡ್‌ಲೈನ್ ಬದಲಾಯಿಸಿದ್ದೀವಿ. ಹಮಾಲಿ ಅಣ್ಣಂಗೆ ಹೇಳೋಣ ಅಂತ ಸೋಮವಾರ ಮಂಡಿಗೆ ಹೋಗಿದ್ದೆ. ಎರಡು ತಿಂಗಳಿಂದ ಕೆಲಸಕ್ಕೆ ಬಂದಿಲ್ಲವಂತೆ. ಮನೆ ಎಲ್ಲಿ ಅಂತ ವಿಚಾರಿಸ್ತಿದ್ದೀನಿ.