ಕೆಂಪಾಗದ ದ್ರಾಕ್ಷಿ

ಬೀದರ್ ಪೇಟೆಯ ತಳ್ಳುಗಾಡಿಯಲ್ಲಿ ಕೆಂಪು ದ್ರಾಕ್ಷಿ ನೋಡಿ ಎಲ್ಲಿಯದು ಅಂತ ಕೇಳಿದೆ. "ಇಲ್ಲಿದಲ್ರಿ ಸಾಹೇಬ್ರ, ಹೊರಗಿಂದ ಬರ್ತದ" ಅಂದ್ರು. ಭಾಲ್ಕಿ, ಔರಾದ್‌ನಲ್ಲಿ ಯಾಕಾಗಲ್ಲ?

ಸಿಪ್ಪೆಗೆ ಕೆಂಪು ಕೊಡೋದು ಆಂಥೋಸಯಾನಿನ್ ಅನ್ನೋ ವಸ್ತು. ಮಾಗುವಾಗ ಹಗಲು ಉರಿದು, ರಾತ್ರಿಯೂ ತಂಪಾಗದಿದ್ದರೆ ಅದು ಸರಿಯಾಗಿ ಕೂಡೋದಿಲ್ಲ. ಹಣ್ಣು ಸಿಹಿಯಾಗಿದ್ದರೂ ಗೊಂಚಲು ಅರೆಗೆಂಪು. ಮಂಡಿಯಲ್ಲಿ ಬೆಲೆ ಕಟ್ಟೋದು ಬಣ್ಣ ನೋಡಿ! 1989ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಅಮೆರಿಕ ಸರ್ಕಾರದ ವಿಜ್ಞಾನಿಗಳು ಬಿಡುಗಡೆ ಮಾಡಿದ ಕ್ರಿಮ್ಸನ್ ಸೀಡ್‌ಲೆಸ್‌ಗೂ ಸೆಕೆಯ ಸೀಮೆಯಲ್ಲಿ ಇದೇ ಕಾಟ.

ಹಾಗಾದ್ರೆ ನಮ್ಮದೇ ತಳಿ? ಹೂ ಅರಳುವ ಮುನ್ನ ಕೇಸರ ಕಿತ್ತು, ಬೇರೆ ಬಳ್ಳಿಯ ಪರಾಗ ಹಚ್ಚಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬ್ಲ್ಯಾಕ್ ಚಂಪಾಗೆ ಥಾಂಪ್ಸನ್ ಸೀಡ್‌ಲೆಸ್ ಸೇರಿಸಿ ಅರ್ಕಾ ನೀಲಮಣಿ ಪಡೆದದ್ದು ಹೀಗೇ, ಅದು ಕಪ್ಪು. ತಂದೆ ತಾಯಿ ಎರಡೂ ಬೀಜವಿಲ್ಲದ ತಳಿಯಾದರೆ ಭ್ರೂಣ ಕಾಯೊಳಗೇ ಸಾಯುತ್ತೆ. ಅದಕ್ಕೆ ಮೊದಲೇ ಅದನ್ನು ಹೊರತೆಗೆದು ಲ್ಯಾಬಿನ ಸೀಸೆಯಲ್ಲಿ ಸಾಕಬೇಕು. ಸಸಿ ಹಣ್ಣು ಬಿಡೋಕೆ ವರ್ಷಗಳು, ಬಿಟ್ಟ ಮೇಲೆ ಬಹುಪಾಲು ತಿಪ್ಪೆಗೆ. ನಾನು ಇಂಜಿನಿಯರಿಂಗ್ ಓದಿದವನು. ನಮ್ಮ ತಪ್ಪು ಸಂಜೆಯೊಳಗೆ ಗೊತ್ತಾಗ್ತಿತ್ತು.

ಬೆಂಗಳೂರಿನ ತಂಪಲ್ಲಿ ಕೆಂಪಾದದ್ದು ಔರಾದ್‌ನಲ್ಲಿ ಆಗುತ್ತೆ ಅಂತಿಲ್ಲ. ಕಂಬ, ತಂತಿ, ಹನಿ ನೀರಾವರಿಗೆ ಸಾಲ ಮಾಡೋನು ರೈತ. ಆತ ಸಾಲ ಮಾಡುವ ಮುಂಚೆ ತಳಿಯ ಪರೀಕ್ಷೆ ಔರಾದ್‌ನ ಎರೆಯಲ್ಲಿ, ಬೀದರ್‌ನ ಕೆಮ್ಮಣ್ಣಲ್ಲಿ, ಮಾರ್ಚ್ ಸೆಕೆಯಲ್ಲೇ ನಡೆಯಲಿ. ಬೀದರ್‌ನಲ್ಲಿ ತೋಟಗಾರಿಕಾ ಕಾಲೇಜೇ ಇದೆಯಲ್ಲ.